ರಾಲ್ಫ್ ವಾನ್ ವಿಲಿಯಮ್ಸ್ ಎಂಬ ಸಂಗೀತಗಾರನ ಚರಿತ್ರೆ

ಇಂಗ್ಲೆಂಡು ದೇಶದ ಸಂಗೀತಗಾರರಲ್ಲಿ ಬಹು ಪ್ರಸಿದ್ಧನಾದ ರಾಲ್ಫ್ ವಾನ್ ವಿಲಿಯಮ್ಸನು ೧೮೭೨ನೆಯ ಇಸವಿಯ ಅಕ್ಟೋಬರ್ ೧೨ರಲ್ಲಿ ಗ್ಲಾಸ್ಟರ್ ಸೀಮೆಯ ಡೌನ್ ಆಂಪ್ನಿ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದನು. ಅವನ ತಂದೆಯಾದ ಆರ್ಥರನು ಆ ಊರಿನ ಸಭಾಪಾಲಕನಾಗಿದ್ದನು. ಮಗುವಿಗೆ ಮೂರು ವರುಷ ತುಂಬುವದರೊಳಗೆ ತಂದೆಯು ತೀರಿಕೊಂಡನು. ಆಗ ತಾಯಿಯಾದ ಮಾರ್ಗರೆಟಳು ತನ್ನ ಮೂರು ಮಕ್ಕಳನ್ನು ಕರಕೊಂಡು ಸರ್ರೆ ಸೀಮೆಯಲ್ಲಿ ಲೀತ್ ಹಿಲ್ ಎಂಬ ಗುಡ್ಡದ ಬಳಿಯಲ್ಲಿದ್ದ ತವರುಮನೆಗೆ ಬಂದು ಸೇರಿದಳು. ಪಿಂಗಾಣಿ ಪಾತ್ರೆಗಳನ್ನು ಮಾಡಿಸಿ ಹೆಸರುಗೊಂಡ ವೆಜ್‌ವುಡ್ ಮನೆತನದವಳು ಅವಳು. ಜೀವರಾಶಿಗಳ ವಿಷಯವಾಗಿ ಗ್ರಂಥ ಬರೆದ ಚಾರ್ಲ್ಸ್ ಡಾರ್ವಿನನು ಅವಳಿಗೆ ಸೋದರಮಾವನಾಗಬೇಕು. ಹೀಗೆ ಆ ಹುಡುಗನು ತಂದೆಯಿಲ್ಲದವನಾದರೂ ಅನ್ನವಸ್ತ್ರಕ್ಕೆ ಕೊರತೆಯಿಲ್ಲದ ದೊಡ್ಡ ಮನೆಯಲ್ಲಿ ಬೆಳೆದನು.

ಆ ಮನೆಯಲ್ಲಿ ಸೋಫಿ ಎಂಬ ದೊಡ್ಡಮ್ಮನು ಅವನಿಗೆ ಪಿಯಾನೋ ಬಾರಿಸುವದನ್ನು ಕಲಿಸಿದಳು. ಆರು ವರುಷದ ಪ್ರಾಯದಲ್ಲಿ ಅವನು ಒಂದು ಸಣ್ಣ ಧಾಟಿಯನ್ನು ತಾನೇ ಕಟ್ಟಿದನು. ಮುಂದೆ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ, ೧೮೯೦ರಲ್ಲಿ ಲಂಡನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಎಂಬ ಸಂಗೀತ ವಿದ್ಯಾಲಯವನ್ನು ಸೇರಿದನು. ಅಲ್ಲಿಂದ ೧೮೯೨ರಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಹೋದನು. ಪ್ಯಾರಿ, ಸ್ಟ್ಯಾನ್‌ಫರ್ಡ್ ಎಂಬ ಹೆಸರುಗೊಂಡ ಗುರುಗಳು ಅವನಿಗಿದ್ದರು. ೧೮೯೫ರಲ್ಲಿ ಅವನಿಗೆ ಗುಸ್ತಾವ್ ಹೋಲ್ಸ್ಟ್ ಎಂಬ ಸಹಪಾಠಿಯ ಪರಿಚಯವಾಯಿತು. ಆ ದಿನ ಮೊದಲುಗೊಂಡು ೧೯೩೪ರಲ್ಲಿ ಹೋಲ್ಸ್ಟನು ಸಾಯುವ ವರೆಗೂ ಇಬ್ಬರೂ ತಾವು ಬರೆದುದನ್ನು ಒಬ್ಬರಿಗೊಬ್ಬರು ತೋರಿಸಿ, ಮುಖಸ್ತುತಿ ಮಾಡದೆ ತಪ್ಪುಗಳನ್ನು ಎತ್ತಿ ತಿದ್ದುತ್ತಾ ಬಂದರು. ೧೮೯೭ರಲ್ಲಿ ವಾನ್ ವಿಲಿಯಮ್ಸನು ಅಡಲೀನ್ ಫಿಶರ್ ಎಂಬವಳನ್ನು ಮದುವೆಯಾದನು.

ಅವನು ಬಹು ನಿಧಾನವಾಗಿ ಕಲಿತವನು. ಮೂವತ್ತು ವರುಷ ಕಳೆದರೂ ಅವನಿಗೆ ಸ್ವಂತ ದಾರಿಯು ಸಿಕ್ಕಿರಲಿಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನ ಸಂಗೀತಗಾರರು ಜರ್ಮನ್ ದೇಶದ ಪಂಡಿತರನ್ನೇ ನೋಡಿ ಬರೆಯುತ್ತಿದ್ದರು. ಇಂಗ್ಲೆಂಡಿಗೆ ಸ್ವಂತವಾದ ಸಂಗೀತವೇ ಇಲ್ಲವೆಂಬ ಮಾತು ಯೂರೋಪಿನಲ್ಲೆಲ್ಲಾ ಹಬ್ಬಿತ್ತು; ಆ ದೇಶದವರೂ ಅದನ್ನು ಒಪ್ಪಿಕೊಂಡ ಹಾಗೆ ಇದ್ದರು. ಆದರೆ ಸಂಗೀತವು ಇಲ್ಲದೆ ಇರಲಿಲ್ಲ. ಉಳುವವರು, ಕುರಿ ಕಾಯುವವರು, ಮೀನು ಹಿಡಿಯುವವರು, ಮನೆಗೆಲಸದ ಹೆಂಗಸರು ಹಾಡುತ್ತಿದ್ದ ಹಾಡುಗಳು ಆ ದೇಶದ ಹಳ್ಳಿಹಳ್ಳಿಯಲ್ಲಿ ಇದ್ದವು. ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬಾಯಿಪಾಠವಾಗಿ ಬಂದ ಅವುಗಳನ್ನು ದೊಡ್ಡವರ ಮನೆಗಳಲ್ಲಿ ಕೇಳುವವರಿರಲಿಲ್ಲ.

ಈ ಹಾಡುಗಳಿಗೆ ಆಗ ಸಾವಿನ ಕಾಲ ಸಮೀಪಿಸಿತ್ತು. ೧೮೫೧ರ ಜನಗಣತಿಯಲ್ಲಿಯೇ ಆ ದೇಶದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳಾಗಿದ್ದರು. ಕಾರಖಾನೆಗಳೂ ರೈಲುಗಾಡಿಯೂ ಯೌವನಸ್ಥರನ್ನು ಹಳ್ಳಿಯಿಂದ ಸೆಳಕೊಂಡು ಹೋದವು. ಪಟ್ಟಣದ ನಾಟಕಶಾಲೆಗಳ ಹೊಸ ಹಾಡುಗಳು ಹಳ್ಳಿಗೂ ಬಂದು ಮುಟ್ಟಿದವು. ಮೊಮ್ಮಕ್ಕಳು ಅಜ್ಜನ ಹಾಡನ್ನು ಕೇಳಿ ನಗುತ್ತಿದ್ದರು; ಅಜ್ಜನು ನಾಚಿ ಬಾಯಿ ಮುಚ್ಚುತ್ತಿದ್ದನು. ಹಾಡಿಗೆ ಬೇರೆ ಮನೆಯಿಲ್ಲ. ಹಾಡುವವನ ಎದೆಯೇ ಅದರ ಮನೆ. ಅವನು ಸತ್ತರೆ ಅದೂ ಅವನ ಸಂಗಡ ಮಣ್ಣಿಗೆ ಹೋಗುತ್ತದೆ. ಇದನ್ನು ಕಂಡ ಕೆಲವರು ೧೮೯೮ರಲ್ಲಿ ಲಂಡನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿ ಹಳ್ಳಿಯ ಹಾಡುಗಳನ್ನು ಬರೆದಿಡತೊಡಗಿದ್ದರು. ಸೆಸಿಲ್ ಶಾರ್ಪ್ ಎಂಬವನು ೧೯೦೩ರಲ್ಲಿ ಸಾಮರ್‌ಸೆಟ್ ಸೀಮೆಯ ಹ್ಯಾಂಬ್ರಿಜ್ ಎಂಬ ಹಳ್ಳಿಯ ಸಭಾಪಾಲಕನ ಮನೆಗೆ ಹೋಗಿದ್ದಾಗ, ತೋಟದ ಕೆಲಸದವನು ಕೆಲಸ ಮಾಡುತ್ತಾ ಹಾಡಿದ ಒಂದು ಹಾಡನ್ನು ಕೇಳಿ, ಅಂದಿನಿಂದ ತನ್ನ ಆಯುಷ್ಯವನ್ನೇ ಆ ಕೆಲಸಕ್ಕೆ ಕೊಟ್ಟನು.

ಅದೇ ೧೯೦೩ನೆಯ ವರುಷದ ಕೊನೆಯಲ್ಲಿ ವಾನ್ ವಿಲಿಯಮ್ಸನಿಗೂ ಹಾಗೆಯೇ ಸಂಭವಿಸಿತು. ಅವನು ಎಸೆಕ್ಸ್ ಸೀಮೆಯ ಬ್ರೆಂಟ್‌ವುಡ್ ಪಟ್ಟಣದಲ್ಲಿ ಹಳ್ಳಿಯ ಹಾಡುಗಳ ಕುರಿತು ಉಪನ್ಯಾಸಗಳನ್ನು ಮಾಡಿದ್ದನು. ಆದರೆ ಅವನ ತಿಳುವಳಿಕೆಯೆಲ್ಲಾ ಪುಸ್ತಕದಿಂದ ಬಂದದ್ದು. ಸಮೀಪದ ಇಂಗ್ರೇವ್ ಎಂಬ ಹಳ್ಳಿಯಲ್ಲಿ ಸಭಾಪಾಲಕನ ಹೆಣ್ಣುಮಕ್ಕಳು ಊರಿನ ಮುದುಕರಿಗಾಗಿ ಚಹದ ಕೂಟವನ್ನು ಏರ್ಪಡಿಸಿ ಅವನನ್ನೂ ಕರೆದರು. ಅಲ್ಲಿ ಚಾರ್ಲ್ಸ್ ಪೋಟೀಫರ್ ಎಂಬ ಮುದುಕನಿದ್ದನು. ಯೋಸೇಫನನ್ನು ಕೊಂಡುಕೊಂಡ ಐಗುಪ್ತ್ಯನ ಹೆಸರು ಇವನಿಗಿದ್ದರೂ ಇವನು ಹೊಲದಲ್ಲಿ ಕೂಲಿ ಮಾಡಿ ಬದುಕಿದ ಬಡವನು. ಹಾಡೆಂದು ಕೇಳಿದಾಗ ಅವನು ಆ ಕೂಟದಲ್ಲಿ ಹಾಡಲು ಒಪ್ಪಲಿಲ್ಲ. ಮರುದಿನ ತನ್ನ ಮನೆಗೆ ಬಂದರೆ ಹಾಡುವೆನೆಂದು ಹೇಳಿದನು. ವಾನ್ ವಿಲಿಯಮ್ಸನು ಡಿಸೆಂಬರ್ ೪ರಲ್ಲಿ ಅವನ ಗುಡಿಸಲಿಗೆ ಹೋಗಿ ಕೂತನು. ಮುದುಕನು ಪೊದೆಗಳನ್ನೂ ಮುಳ್ಳುಗಿಡಗಳನ್ನೂ ಹೇಳುವ ಒಂದು ಹಳೇ ಪ್ರೀತಿಯ ಹಾಡನ್ನು ಹಾಡಿದನು.

ಆ ಧಾಟಿಯು ಕಿವಿಗೆ ಬಿದ್ದ ಕೂಡಲೇ, ಎಂದೋ ತಿಳಿದು ಮರೆತಿದ್ದದ್ದು ತಿರಿಗಿ ಸಿಕ್ಕಿದ ಹಾಗೆ ಅವನಿಗೆ ಆಯಿತು. ಶಾಲೆಗಳಲ್ಲಿ ಆಗ ಕಲಿಸುತ್ತಿದ್ದ ಸಂಗೀತವು ಹೆಚ್ಚಾಗಿ ಎರಡೇ ಸ್ವರಕ್ರಮಗಳಲ್ಲಿ ನಡೆಯುತ್ತಿತ್ತು. ಪೋಟೀಫರನ ಹಾಡಾದರೋ ಡೋರಿಯನ್ ಎಂಬ ಪುರಾತನ ಕ್ರಮದಲ್ಲಿತ್ತು. ಪುಸ್ತಕ ಮುಟ್ಟದ ಕೂಲಿಯಾಳಿನ ಬಾಯಲ್ಲಿ ಆ ಕ್ರಮವು ಕೆಡದೆ ಉಳಿದಿತ್ತು. ಕೇಂಬ್ರಿಜಿನಲ್ಲಿಯೂ ಲಂಡನಿನಲ್ಲಿಯೂ ಹುಡುಕಿ ಸಿಕ್ಕದ ಸ್ವಂತ ದಾರಿಯನ್ನು ವಾನ್ ವಿಲಿಯಮ್ಸನು ಆ ಗುಡಿಸಲಿನಲ್ಲಿ ಕಂಡುಕೊಂಡನು.

ಅಂದಿನಿಂದ ಸುಮಾರು ಹತ್ತು ವರುಷ ಅವನು ಬಿಡುವಾದಾಗೆಲ್ಲಾ ಪೆನ್ಸಿಲೂ ಪುಸ್ತಕವೂ ಕೈಯಲ್ಲಿ ಹಿಡಿದು, ರೈಲಿನಲ್ಲಿಯೂ ಸೈಕಲಿನಲ್ಲಿಯೂ ಕಾಲ್ನಡೆಯಾಗಿಯೂ ಹಳ್ಳಿಗಳನ್ನು ಸುತ್ತಿದನು. ಹೊಲದ ಬದುವಿನಲ್ಲಿಯೂ ದಿಕ್ಕಿಲ್ಲದ ಬಡವರ ಸಾಕುಮನೆಗಳಲ್ಲಿಯೂ ಮುದುಕರ ಬಳಿ ಕೂತು, ಅವರು ಹಾಡಿದ್ದನ್ನು ಸ್ವರಲಿಪಿಯಲ್ಲಿ ಬರಕೊಂಡನು. ೧೯೦೫ನೆಯ ಜನವರಿಯಲ್ಲಿ ನಾರ್ಫೋಕ್ ಸೀಮೆಯ ಕಿಂಗ್ಸ್ ಲಿನ್ ಎಂಬ ರೇವುಪಟ್ಟಣಕ್ಕೆ ಹೋಗಿ ಬೆಸ್ತರ ಕೇರಿಯಲ್ಲಿ ಅನೇಕ ಹಾಡುಗಳನ್ನು ಸಂಗ್ರಹಿಸಿದನು. ಅಲ್ಲಿ ಕಾರ್ಟರ್ ಎಂಬ ಬೆಸ್ತನು ಒಂದು ದುಃಖದ ಹಾಡನ್ನು ಹಾಡಿದನು. ಬಡವರ ಸಾಕುಮನೆಯಿಂದ ಹಡಗಿನ ಕೆಲಸಕ್ಕೆ ಒಯ್ಯಲ್ಪಟ್ಟ ಒಬ್ಬ ಹುಡುಗನನ್ನು ಹಡಗಿನ ಯಜಮಾನನು ಹೊಡೆದು ಹಿಂಸಿಸಿ ಕೊಂದ ಕಥೆ ಅದು. ಕೇಳುವವರಿಲ್ಲದ ಮಕ್ಕಳ ಮೊರೆಯನ್ನು ಬೆಸ್ತರು ಹಾಡಾಗಿ ಕಾಪಾಡಿದ್ದರು. ವಾನ್ ವಿಲಿಯಮ್ಸನು ಆ ಧಾಟಿಯನ್ನು ತೆಗೆದು, ೧೯೦೬ರಲ್ಲಿ ನಾರ್ಫೋಕ್ ಸೀಮೆಯ ಹೆಸರಿನಿಂದ ಬರೆದ ತನ್ನ ವಾದ್ಯಗೀತದಲ್ಲಿ ಸೇರಿಸಿದನು. ಹೀಗೆ ಅವನು ಒಟ್ಟಿಗೆ ಕೂಡಿಸಿದ ಹಾಡುಗಳು ೮೦೦ಕ್ಕೂ ಹೆಚ್ಚು. ಹಾಡಿದವರ ಹೆಸರನ್ನೂ ಊರನ್ನೂ ದಿನವನ್ನೂ ಅವನು ಬರೆದಿಟ್ಟದ್ದರಿಂದ, ಕಲ್ಲುಗುರುತು ಕೂಡ ಇಲ್ಲದೆ ಸತ್ತುಹೋಗುತ್ತಿದ್ದ ಎಷ್ಟೋ ಬಡವರ ಹೆಸರುಗಳು ಇಂದಿನ ವರೆಗೂ ಉಳಿದವೆ.

ಇದೇ ಸಮಯದಲ್ಲಿ, ೧೯೦೪ರಲ್ಲಿ, ಪರ್ಸಿ ಡಿಯರ್ಮರ್ ಎಂಬ ಸಭಾಪಾಲಕನು ಅವನ ಮನೆಗೆ ಬಂದು, ಸಭೆಗಳಿಗಾಗಿ ಒಂದು ಹೊಸ ಗೀತಪುಸ್ತಕವನ್ನು ಮಾಡುತ್ತೇವೆ, ಅದರ ಧಾಟಿಗಳನ್ನು ಆರಿಸುವ ಕೆಲಸವನ್ನು ನೀನು ವಹಿಸಿಕೊಳ್ಳಬೇಕೆಂದು ಕೇಳಿದನು. ಎರಡು ತಿಂಗಳ ಕೆಲಸವೆಂದು ಹೇಳಿದ್ದು ಎರಡು ವರುಷ ಹಿಡಿಯಿತು. ಇಲ್ಲಿ ಒಂದು ಸಂಗತಿಯನ್ನು ಮರೆಮಾಡದೆ ಹೇಳತಕ್ಕದ್ದು. ಸಭಾಪಾಲಕನ ಮಗನಾಗಿದ್ದರೂ ವಾನ್ ವಿಲಿಯಮ್ಸನು ಕೇಂಬ್ರಿಜಿನಲ್ಲಿ ಓದುತ್ತಿದ್ದಾಗಲೇ ನಂಬಿಕೆಯನ್ನು ಬಿಟ್ಟಿದ್ದನು. ಮುಂದೆಯೂ ದೇವರ ವಿಷಯದಲ್ಲಿ ನಿಶ್ಚಯವನ್ನು ಹೇಳಲಾರದವನಾಗಿಯೇ ಇದ್ದನು. ಆದರೂ ಸಾಮಾನ್ಯ ಜನರು ವಾರ ವಾರ ಬಾಯಿತುಂಬಾ ಹಾಡುವ ಸ್ಥಳವು ದೇವಾಲಯವೇ ಎಂದು ಬಲ್ಲವನಾಗಿ, ಅಲ್ಲಿ ಕೀಳಾದ ಸಂಗೀತವನ್ನು ಹಾಡಿಸುವದು ಜನರಿಗೆ ಮಾಡುವ ಅನ್ಯಾಯವೆಂದು ಎಣಿಸಿದನು. ೧೯೦೬ರಲ್ಲಿ ಇಂಗ್ಲಿಷ್ ಹಿಮ್ನಲ್ ಎಂಬ ಆ ಪುಸ್ತಕವು ಅಚ್ಚಾಗಿ ಹೊರಬಂತು.

ಅದರಲ್ಲಿ ಅವನು ಮಾಡಿದ ಮುಖ್ಯ ಕೆಲಸವೇನೆಂದರೆ, ಹೊಲದಲ್ಲಿಯೂ ಗುಡಿಸಲಿನಲ್ಲಿಯೂ ಕೇಳಿದ ಧಾಟಿಗಳನ್ನು ದೇವಾಲಯಕ್ಕೆ ತಂದದ್ದು. ಸರ್ರೆ ಸೀಮೆಯ ಫಾರೆಸ್ಟ್ ಗ್ರೀನ್ ಎಂಬ ಹಳ್ಳಿಯಲ್ಲಿ ಒಬ್ಬ ಮುದುಕನು ಉಳುವ ಹುಡುಗನ ಕನಸಿನ ಹಾಡನ್ನು ಹಾಡಿದ್ದನು. ಅದರ ಧಾಟಿಯು ಬೇತ್ಲೆಹೇಮ್ ಎಂಬ ಚಿಕ್ಕ ಊರನ್ನು ಕುರಿತ ಕ್ರಿಸ್ಮಸ್ ಗೀತಕ್ಕೆ ಕೂಡಿತು. ಸಸೆಕ್ಸ್ ಸೀಮೆಯ ಮಂಕ್ಸ್ ಗೇಟ್ ಎಂಬಲ್ಲಿ ವೆರಲ್ ಎಂಬ ಹೆಂಗಸು ನಾವಿಕರ ಅಗಲಿಕೆಯ ಹಾಡನ್ನು ಹಾಡಿದ್ದಳು. ಅದರ ಧಾಟಿಗೆ ಜಾನ್ ಬನ್ಯನನ ಯಾತ್ರಿಕನ ಗೀತವು ಜತೆಯಾಯಿತು. ಪಾತ್ರೆಗಳಿಗೆ ಬೆಸುಗೆ ಹಾಕಿ ಬದುಕಿದ ಬನ್ಯನನ ಮಾತುಗಳಿಗೆ ಹಳ್ಳಿಯ ಹೆಂಗಸಿನ ಧಾಟಿಯು ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಈಗ ಒಂದನ್ನು ಬಿಟ್ಟು ಇನ್ನೊಂದನ್ನು ನೆನಸುವದು ಕಷ್ಟ. ಈ ಧಾಟಿಗಳಿಗೆ ಅವನು ಅವು ಸಿಕ್ಕಿದ ಹಳ್ಳಿಗಳ ಹೆಸರುಗಳನ್ನೇ ಇಟ್ಟನು. ತಾನಾಗಿ ರಚಿಸಿದ ಒಂದು ಧಾಟಿಗೆ ತಾನು ಹುಟ್ಟಿದ ಡೌನ್ ಆಂಪ್ನಿಯ ಹೆಸರನ್ನು ಕೊಟ್ಟನು.

ಅದಲ್ಲದೆ ೧೯೦೫ರಿಂದ ಲೀತ್ ಹಿಲ್ ಸುತ್ತಲಿನ ಹಳ್ಳಿಗಳ ಗಾಯನಮಂಡಲಿಗಳು ವರುಷಕ್ಕೊಮ್ಮೆ ಡಾರ್ಕಿಂಗ್ ಎಂಬ ಊರಿನಲ್ಲಿ ಕೂಡಿಬರತೊಡಗಿದವು. ಅವನ ಅಕ್ಕನೂ ಇನ್ನೊಬ್ಬ ಹೆಂಗಸೂ ಅದನ್ನು ಸ್ಥಾಪಿಸಿದ್ದರು. ಹಗಲೆಲ್ಲಾ ಹಳ್ಳಿ ಹಳ್ಳಿಗಳು ಪೈಪೋಟಿಯಿಂದ ಹಾಡುವವು. ಸಾಯಂಕಾಲದಲ್ಲಿ ಗೆದ್ದವರೂ ಸೋತವರೂ ಒಂದೇ ಮಂಡಲಿಯಾಗಿ ಕೂಡಿ ದೊಡ್ಡ ಗೀತವನ್ನು ಹಾಡುವರು. ೧೯೫೩ರ ವರೆಗೆ, ದೊಡ್ಡ ಹೆಸರು ಬಂದ ಮೇಲೆಯೂ, ವಾನ್ ವಿಲಿಯಮ್ಸನು ಈ ಹಳ್ಳಿಯವರನ್ನು ಹಾಡಿಸುವ ಕೆಲಸವನ್ನು ಬಿಡಲಿಲ್ಲ.

೧೯೧೪ರಲ್ಲಿ ಮಹಾಯುದ್ಧವು ಹುಟ್ಟಿತು. ಆ ವರುಷ ಅವನಿಗೆ ೪೨ ವರುಷ ತುಂಬಿತು. ಯಾರೂ ಅವನನ್ನು ಕರೆಯುವ ಹಾಗಿರಲಿಲ್ಲ. ಆದರೂ ಆ ವರುಷದ ಕೊನೆಯಲ್ಲಿ ತಾನಾಗಿಯೇ ಹೋಗಿ ಸೈನ್ಯದ ವೈದ್ಯಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದನು. ೧೯೧೬ರಲ್ಲಿ ಫ್ರಾನ್ಸ್ ದೇಶದಲ್ಲಿ ರಾತ್ರಿ ರಾತ್ರಿ ಗಾಯಪಟ್ಟವರನ್ನು ಗಾಡಿಯಲ್ಲಿ ತರುವ ಕೆಲಸದಲ್ಲಿದ್ದನು. ಅದೇ ವರುಷದ ಆಗಸ್ಟ್ ೫ರಲ್ಲಿ, ಅವನ ಪ್ರಿಯ ಸ್ನೇಹಿತನೂ ಹಾಡುಗಳನ್ನು ಕೂಡಿಸುವ ಕೆಲಸದಲ್ಲಿ ಜತೆಗಾರನೂ ಆದ ಜಾರ್ಜ್ ಬಟರ್‌ವರ್ತನು ಸೋಮ್ ಯುದ್ಧದಲ್ಲಿ ಗುಂಡು ತಗಲಿ ಸತ್ತನು. ಅವನಿಗೆ ೩೧ ವರುಷ. ಅವನ ಸಮಾಧಿಯು ಎಲ್ಲಿಯೂ ಗುರುತಿಸಲ್ಪಡಲಿಲ್ಲ. ವಾನ್ ವಿಲಿಯಮ್ಸನು ಬಳಿಕ ಗ್ರೀಸ್ ದೇಶದ ಸಲೋನಿಕಕ್ಕೂ, ತರುವಾಯ ೧೯೧೮ರಲ್ಲಿ ಫಿರಂಗಿದಳದ ಅಧಿಕಾರಿಯಾಗಿ ತಿರಿಗಿ ಫ್ರಾನ್ಸಿಗೂ ಹೋದನು. ಹೋದಲ್ಲೆಲ್ಲಾ ಸಿಪಾಯಿಗಳನ್ನು ಕೂಡಿಸಿ ಹಾಡಿಸುತ್ತಿದ್ದನು. ಆದರೆ ಆ ಫಿರಂಗಿಗಳ ಶಬ್ದವು ಅವನ ಕಿವಿಗಳನ್ನು ಕೆಡಿಸಿತು. ಸಂಗೀತವೇ ಜೀವವಾಗಿದ್ದವನು ಮುದಿತನದಲ್ಲಿ ಬಹಳ ಕಿವುಡನಾದನು. ಯುದ್ಧವು ತೀರಿದ ಮೇಲೆ ೧೯೧೯ರಲ್ಲಿ, ಊರಿಗೆ ಹೋಗಲು ಕಾದು ಬೇಸತ್ತಿದ್ದ ಸಿಪಾಯಿಗಳಿಗೆ ಸಂಗೀತವನ್ನು ಏರ್ಪಡಿಸುವ ಕೆಲಸವು ಅವನಿಗೆ ಕೊಡಲ್ಪಟ್ಟಿತು.

ಇನ್ನು ದಂಡಿನ ಬ್ಯಾಂಡಿಗಾಗಿ ಅವನು ಮಾಡಿದ್ದನ್ನು ಹೇಳಬೇಕು. ಲಂಡನಿನ ಸಮೀಪದಲ್ಲಿ ನೆಲರ್ ಹಾಲ್ ಎಂಬ ದೊಡ್ಡ ಮನೆಯಲ್ಲಿ ೧೮೫೭ರಿಂದ ೨೦೨೧ರ ವರೆಗೆ ದಂಡಿನ ಬ್ಯಾಂಡಿನವರಿಗೆ ಕಲಿಸುವ ಶಾಲೆಯಿತ್ತು. ದಂಡಿನ ಬ್ಯಾಂಡಿನಲ್ಲಿ ಪಿಟೀಲುಗಳಿಲ್ಲ. ಕೊಳಲು, ಓಬೋ, ಕ್ಲಾರಿನೆಟ್, ಕಾರ್ನೆಟ್, ಟ್ರೊಂಬೋನ್ ಮೊದಲಾದ ಊದುವ ವಾದ್ಯಗಳೂ ಬಗೆಬಗೆಯ ನಗಾರಿಗಳೂ ಇರುತ್ತವೆ. ಕೋಣೆಯೊಳಗೆ ಕೂತು ಕೇಳುವದಕ್ಕಿಂತ ಬೀದಿಯಲ್ಲಿಯೂ ತೋಟದಲ್ಲಿಯೂ ಕೇಳುವದಕ್ಕೆ ಅದು ತಕ್ಕದ್ದು. ಟಿಕೇಟಿಗೆ ಹಣವಿಲ್ಲದವನೂ ನಿಂತು ಕೇಳಬಹುದು. ಆದರೆ ಆ ಕಾಲದ ಬ್ಯಾಂಡುಗಳು ಹೆಚ್ಚಾಗಿ ಬೇರೆ ಮೇಳಗಳಿಗಾಗಿ ಬರೆದ ಸಂಗೀತವನ್ನೇ ಬದಲಾಯಿಸಿ ಬಾರಿಸುತ್ತಿದ್ದವು; ಅವುಗಳಿಗೆಂದೇ ಒಳ್ಳೇದನ್ನು ಬರೆದವರು ಕಡಿಮೆ. ಹೋಲ್ಸ್ಟನು ೧೯೧೧ರಲ್ಲಿಯೇ ಹಳ್ಳಿಯ ಧಾಟಿಗಳಿಂದ ಬ್ಯಾಂಡಿಗಾಗಿ ಒಂದು ಗೀತಮಾಲೆಯನ್ನು ಬರೆದಿದ್ದನು. ಕಮ್ಮಾರನ ಹಾಡು ಬರುವ ಭಾಗದಲ್ಲಿ ನಿಜವಾದ ಅಡಿಗಲ್ಲನ್ನೇ ಇಟ್ಟು ಬಡಿಯುವಂತೆ ಅದರಲ್ಲಿ ಗೊತ್ತುಮಾಡಿದ್ದನು. ಅದು ೧೯೨೨ರಲ್ಲಿ ಮೊದಲು ಬಾರಿಸಲ್ಪಟ್ಟಿತು.

ಅದರ ಮರುವರುಷವೇ, ೧೯೨೩ನೆಯ ಜುಲೈ ೪ರಲ್ಲಿ, ನೆಲರ್ ಹಾಲಿನ ಬ್ಯಾಂಡಿನವರು ವಾನ್ ವಿಲಿಯಮ್ಸನ ಇಂಗ್ಲಿಷ್ ಜಾನಪದ ಗೀತಮಾಲೆಯನ್ನು ಬಾರಿಸಿದರು. ಹನ್ನೊಂದು ಹನ್ನೆರಡು ನಿಮಿಷಗಳ ಸಂಗೀತವು ಅದು. ಮೊದಲೂ ಕೊನೆಯೂ ದಂಡು ನಡೆಯುವ ಹೆಜ್ಜೆ, ನಡುವೆ ಮೆಲ್ಲಗಿನ ಒಂದು ಭಾಗ. ನಡುವಿನ ಭಾಗದಲ್ಲಿ, ಕೈಬಿಟ್ಟುಹೋದ ಹುಡುಗನನ್ನು ನೆನಸುವ ಹೆಣ್ಣಿನ ಹಾಡನ್ನು ಓಬೋ ಒಂಟಿಯಾಗಿ ಊದುತ್ತದೆ. ಕೊನೆಯ ಭಾಗದಲ್ಲಿ ಸಾಮರ್‌ಸೆಟ್ ಸೀಮೆಯ ಹಾಡುಗಳಿವೆ. ಅವುಗಳಲ್ಲಿ ಒಂದು, ಜರ್ಮನಿಯ ಯುದ್ಧಕ್ಕೆ ಹೊರಟ ಸಿಪಾಯಿಯ ಹಳೇ ಹಾಡು. ಜರ್ಮನರ ಸಂಗಡ ನಾಲ್ಕು ವರುಷ ಕಾದಾಡಿ ಬಂದು ಐದೇ ವರುಷ ಕಳೆದಿದ್ದ ಜನರ ಮುಂದೆ ಸಿಪಾಯಿಗಳೇ ಅದನ್ನು ಊದಿದರು.

ಮೊದಲನೆಯ ಭಾಗದಲ್ಲಿ ಇನ್ನೊಂದು ವಿಶೇಷವಿದೆ. ಐಶ್ವರ್ಯವಂತನನ್ನೂ ಅವನ ಬಾಗಲಲ್ಲಿ ಬಿದ್ದಿದ್ದ ಲಾಜರನನ್ನೂ ಕುರಿತ ಸಾಮ್ಯವು ಲೂಕನ ಸುವಾರ್ತೆಯಲ್ಲಿ ಉಂಟಷ್ಟೆ. ಇಂಗ್ಲೆಂಡಿನ ಬಡವರು ಪೂರ್ವದಿಂದಲೂ ಅದನ್ನು ಹಾಡಾಗಿ ಹಾಡಿಕೊಂಡು ಬಂದಿದ್ದರು; ಊರೂರಿಗೆ ಅದರ ಧಾಟಿಯು ಸ್ವಲ್ಪ ಸ್ವಲ್ಪ ಬೇರೆಯಾಗಿತ್ತು. ಅದೇ ಜಾತಿಯ ಒಂದು ಧಾಟಿಯನ್ನು ವಾನ್ ವಿಲಿಯಮ್ಸನು ಸಸೆಕ್ಸ್ ಸೀಮೆಯ ಕಿಂಗ್ಸ್‌ಫೋಲ್ಡ್ ಎಂಬಲ್ಲಿ ಬರಕೊಂಡು, ಯೇಸುವಿನ ಕರೆಯನ್ನು ಹೇಳುವ ಬೋನಾರನ ಗೀತಕ್ಕೆ ಗೀತಪುಸ್ತಕದಲ್ಲಿ ಕೂಡಿಸಿದ್ದನು. ಈಗ ಬ್ಯಾಂಡಿನಲ್ಲಿ ಮೇಲಿನ ವಾದ್ಯಗಳು ಕುಣಿಯುತ್ತಾ ಚಿಲಿಪಿಲಿಗುಟ್ಟುತ್ತಿರುವಾಗ, ಕೆಳಗಿನ ಭಾರವಾದ ಹಿತ್ತಾಳೆ ವಾದ್ಯಗಳು ಲಾಜರನ ಧಾಟಿಯನ್ನು ಗಟ್ಟಿಯಾಗಿ ಊದುತ್ತವೆ. ಅರಸನ ಸೈನ್ಯವು ಭಿಕ್ಷುಕನ ಹಾಡಿಗೆ ಹೆಜ್ಜೆ ಹಾಕುವ ಹಾಗಾಯಿತು.

ಈ ಗೀತಮಾಲೆಯು ಬೇಗನೆ ಲೋಕದಲ್ಲಿ ಹಬ್ಬಿತು. ಅವನ ಶಿಷ್ಯನಾದ ಗಾರ್ಡನ್ ಜೇಕಬನು ೧೯೨೪ರಲ್ಲಿ ಅದನ್ನು ಪಿಟೀಲುಗಳುಳ್ಳ ದೊಡ್ಡ ಮೇಳಕ್ಕೂ ಹೊಂದಿಸಿದನು. ಇಂದು ಅನೇಕ ದೇಶಗಳಲ್ಲಿ ಶಾಲೆಯ ಮಕ್ಕಳ ಬ್ಯಾಂಡುಗಳು ಕೂಡ ಅದನ್ನು ಬಾರಿಸುತ್ತವೆ. ಹೋಲ್ಸ್ಟನೂ ಇವನೂ ತೆರೆದ ದಾರಿಯಲ್ಲಿ ಬೇರೆಯವರೂ ನಡೆದರು. ಆಸ್ಟ್ರೇಲಿಯದಲ್ಲಿ ಹುಟ್ಟಿದ ಪರ್ಸಿ ಗ್ರೇಂಜರನು, ಲಿಂಕನ್ ಸೀಮೆಯ ಮುದುಕರ ಹಾಡುಗಳನ್ನು ೧೯೦೬ರಲ್ಲಿ ಮೇಣದ ಉರುಳೆಗಳ ಯಂತ್ರದಲ್ಲಿ ಹಿಡಿದಿಟ್ಟು, ೧೯೩೭ರಲ್ಲಿ ಬ್ಯಾಂಡಿಗಾಗಿ ಒಂದು ದೊಡ್ಡ ಗೀತಮಾಲೆಯನ್ನು ಕಟ್ಟಿದನು.

ವಾನ್ ವಿಲಿಯಮ್ಸನು ಒಂಬತ್ತು ದೊಡ್ಡ ಸಿಂಫೋನಿಗಳನ್ನು ಬರೆದನು. ಬನ್ಯನನ ಯಾತ್ರಿಕನ ಕಥೆಯನ್ನು ಬಹು ವರುಷ ಮನಸ್ಸಿನಲ್ಲಿಟ್ಟು ಸಂಗೀತನಾಟಕವಾಗಿ ಮಾಡಿ ೧೯೫೧ರಲ್ಲಿ ಆಡಿಸಿದನು. ಅರಸನು ಕೊಡುವ ಸರ್ ಎಂಬ ಬಿರುದನ್ನು ಬೇಡವೆಂದನು. ೧೯೩೫ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಮಾನವನ್ನು ಮಾತ್ರ ತಕ್ಕೊಂಡನು. ಕೀಲುನೋವಿನಿಂದ ಬಹು ವರುಷ ಕುರ್ಚಿಯಲ್ಲಿಯೇ ಕೂತಿದ್ದ ತನ್ನ ಹೆಂಡತಿಯನ್ನು ೧೯೫೧ರಲ್ಲಿ ಅವಳು ಸಾಯುವ ವರೆಗೂ ನೋಡಿಕೊಂಡನು. ೧೯೫೩ರಲ್ಲಿ ಅರ್ಸುಲಾ ಎಂಬವಳನ್ನು ಮದುವೆಯಾದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ನಾಜಿಗಳ ಹಿಂಸೆಯಿಂದ ಓಡಿಬಂದ ಪರದೇಶಸ್ಥರಿಗೆ ಡಾರ್ಕಿಂಗಿನಲ್ಲಿ ಆಶ್ರಯ ಕೊಡಿಸುವ ಸಮಿತಿಯಲ್ಲಿ ದುಡಿದನು. ಎಪ್ಪತ್ತರ ಸಮೀಪದ ಪ್ರಾಯದಲ್ಲಿ ಕೈಗಾಡಿಯನ್ನು ತಳ್ಳುತ್ತಾ ಮನೆಮನೆಯಿಂದ ಹಳೇ ಲೋಹವನ್ನೂ ಕಾಗದವನ್ನೂ ಕೂಡಿಸಿದನು.

೧೯೫೮ನೆಯ ಆಗಸ್ಟ್ ೨೬ರಲ್ಲಿ ಅವನು ತನ್ನ ೮೫ ವರುಷದ ಪ್ರಾಯದಲ್ಲಿ ಲಂಡನಿನಲ್ಲಿ ತೀರಿಕೊಂಡನು. ಸೆಪ್ಟೆಂಬರ್ ೧೯ರಲ್ಲಿ ಅವನ ಬೂದಿಯನ್ನು, ಅರಸರು ಪಟ್ಟಾಭಿಷೇಕ ಹೊಂದುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಇಟ್ಟರು. ಆ ದಿನ ಅಲ್ಲಿ ಅವನು ೧೯೩೯ರಲ್ಲಿ ಬರೆದ ಒಂದು ಸಂಗೀತವನ್ನು ಬಾರಿಸಿದರು. ಲಾಜರನ ಹಾಡಿನ ಐದು ಧಾಟಿಗಳನ್ನು ಒಂದರ ಹಿಂದೆ ಒಂದಾಗಿ ಹೆಣೆದ ಸಂಗೀತವು ಅದು.

ಪ್ರಿಯ ವಾಚಕರೇ, ಕೂಲಿಯಾಳಾದ ಪೋಟೀಫರನು ನಾಚಿಕೆಯಿಂದ ಕಡೆಯ ವರೆಗೂ ಬಾಯಿ ಮುಚ್ಚಿಕೊಂಡಿದ್ದರೆ, ಅಥವಾ ಕಲಿತವನಾದ ವಾನ್ ವಿಲಿಯಮ್ಸನು ಆ ಗುಡಿಸಲಿನ ಬಾಗಲಿಗೆ ತಲೆಬೊಗ್ಗಿಸಲು ಮನಸ್ಸಿಲ್ಲದವನಾಗಿದ್ದರೆ, ಇವುಗಳಲ್ಲಿ ಎಷ್ಟು ನಮಗೆ ಉಳಿಯುತ್ತಿತ್ತು? ನಮ್ಮ ನಮ್ಮ ಮನೆಗಳ ಜಗಲಿಯಲ್ಲಿಯೂ ಅಜ್ಜಿಯರೂ ಅಜ್ಜಂದಿರೂ ಕೂತಿದ್ದಾರೆ. ಬೀಸುವಾಗಲೂ ನಾಟಿಮಾಡುವಾಗಲೂ ಮಗುವನ್ನು ತೂಗುವಾಗಲೂ ಅವರು ಏನು ಹಾಡುತ್ತಿದ್ದರೆಂದು ಅವರಿರುವಾಗಲೇ ಕೇಳಿ ಬರೆದಿಡುವದು ನಮ್ಮ ಕೈಯಲ್ಲಿದೆ.